ರೆಫರಿ ಕೊಟ್ಟ ಸ್ಯಾಂಪಲ್

ನಮ್ಮ ಮಾವ ಫುಟ್‌ಬಾಲ್ ರೆಫರಿಯಾಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಸೀಟಿ ಮಾತ್ರ ಕೊರಳಿನಿಂದ ಇಳಿದಿರಲಿಲ್ಲ. ಸ್ನಾನಕ್ಕೆ ಯಾರು ಮೊದಲು, ಯಾವ ಕಿಟಕಿ ಯಾವಾಗ ತೆರೆಯಬೇಕು, ನನ್ನ ಗಂಡ ಎಷ್ಟು ಹೊತ್ತು ಫೋನು ನೋಡಬಹುದು, ಎಲ್ಲಕ್ಕೂ ಸೀಟಿ. ತಾವು ಮಾತ್ರ ಒಂದು ಲೋಟವನ್ನೂ ಅತ್ತಿಂದಿತ್ತ ಇಟ್ಟವರಲ್ಲ.

ಅಂಥವರು ಈಚೆಗೆ ಊಟದ ನಡುವೆ ಎದ್ದು ಟಾಯ್ಲೆಟ್ಟಿಗೆ ಓಡತೊಡಗಿದರು. ಹೋದರೆ ಬೇಗ ಬರುವುದೂ ಇಲ್ಲ. ಅವರ ಅಣ್ಣ ಹೀಗೆಯೇ ಮುಚ್ಚಿಟ್ಟುಕೊಂಡು, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದ ಮೇಲೆ ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ನನಗೆ ಹೆದರಿಕೆ ಹತ್ತಿತು. ಡಾಕ್ಟರ ಹೆಸರೆತ್ತಿದರೆ ಸಾಕು, ಮಾವ ಸೀಟಿ ಊದಿ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ನನ್ನ ಕೆಲಸವೇ ಅದೇ ಕ್ಯಾನ್ಸರಿನ ಪ್ರಯೋಗಾಲಯದಲ್ಲಿ. ನೇರ ಮಾತಿಗೆ ಬಗ್ಗದವರನ್ನು ಹೊಗಳಿ ಅಟ್ಟಕ್ಕೇರಿಸಿದೆ.

"ಮಾವ, ಹೋಲಿಸಿ ನೋಡೋಕೆ ಒಬ್ಬ ಗಟ್ಟಿಮುಟ್ಟಾದ ಗಂಡಸಿನ ಮೂತ್ರ ಬೇಕಾಗಿದೆ. ಈ ಬೀದೀಲಿ ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?"

ಮಾವ ಮೀಸೆ ತಿರುವಿದರು. "ಅದರಲ್ಲಿ ಏನು ಹುಡುಕ್ತೀರಿ?"

"ಉದ್ದನೆಯ ಆರ್‌ಎನ್‌ಎ ಎಳೆ. ಕೆಲವು ಆರ್‌ಎನ್‌ಎ ಪ್ರೋಟೀನ್ ಮಾಡೋಕೆ ಬೇಕಾದ ಸೂಚನೆ ಒಯ್ಯುತ್ತೆ. ಇದು ಅದನ್ನೂ ಮಾಡಲ್ಲ."

"ಮತ್ತೆ ಯಾಕಿದೆ ಆ ದಂಡಪಿಂಡ?"

"ನೀವು ಮೈದಾನದಲ್ಲಿ ಚೆಂಡು ಒದೀತಿದ್ರಾ?"

"ರೆಫರಿ ಯಾಕಮ್ಮ ಒದೀತಾನೆ?"

"ಇದೂ ಒದೆಯಲ್ಲ. ಯಾವ ಜೀನ್ ಆಡಬೇಕು, ಯಾವುದು ಸುಮ್ಮನೆ ಕೂರಬೇಕು ಅಂತ ಸೀಟಿ ಊದುತ್ತೆ. ತಪ್ಪು ಸೀಟಿ ಊದಿದ್ರೆ ಬೆಳೆಯಬಾರದ ಕೋಶ ಬೆಳೀತಾನೇ ಹೋಗುತ್ತೆ. ಗಂಡಸರಲ್ಲಷ್ಟೇ ಇರೋ ಪ್ರಾಸ್ಟೇಟ್ ಗ್ರಂಥೀಲಿ ಕ್ಯಾನ್ಸರ್ ಇದ್ರೆ ಅಂಥ ಒಂದು ಎಳೆ ಮೂತ್ರದಲ್ಲಿ ಜಾಸ್ತಿ ಸಿಗುತ್ತೆ."

ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಆದರೂ ಮಾರನೆಯ ಬೆಳಗ್ಗೆ ಡಬ್ಬಿಯ ಮುಚ್ಚಳ ಬಿಗಿದು, ಟ್ರೋಫಿ ಕೊಡುವ ಗತ್ತಿನಲ್ಲಿ ನನ್ನ ಕೈಗಿತ್ತರು. ಬೆಚ್ಚಗಿಟ್ಟರೆ ಆ ಎಳೆ ಬೇಗ ಚೂರುಚೂರಾಗುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಓಡಿದೆ.

ನನ್ನ ಜೊತೆ ಕೆಲಸ ಮಾಡುವವಳನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಾರೆ. ಫಲಿತಾಂಶ ಬಂದಾಗ ಅವಳು ನನ್ನನ್ನು ಕರೆದಳು.

"ನಿಮ್ಮ ಮಾವನಲ್ಲಿ ಕ್ಯಾನ್ಸರಿನ ಎಳೆ ಕಾಣ್ತಿಲ್ಲ ಕಣೇ."

ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ, "ಪ್ರಾಸ್ಟೇಟೇ ಕಾಣ್ತಿಲ್ಲ" ಎಂದು ಕಿಸಕ್ಕನೆ ನಕ್ಕಳು.

ಡಬ್ಬಿ ಅದಲುಬದಲಾಗದಿರಲಿ ಎಂದು ನಾವು ಇನ್ನೊಂದು ಉದ್ದನೆಯ ಎಳೆಯನ್ನೂ ನೋಡುತ್ತೇವೆ. ಅದು ಸದ್ದು ಮಾಡುವುದು ಹೆಂಗಸರ ಕೋಶಗಳಲ್ಲಿ. ಅವರ ಎರಡು ಎಕ್ಸ್ ಕ್ರೋಮೋಸೋಮುಗಳಲ್ಲಿ ಒಂದನ್ನು ತೆಪ್ಪಗೆ ಕೂರಿಸುವುದು ಅದರ ಕೆಲಸ. ಮಾವನ ಡಬ್ಬಿಯಲ್ಲಿ ಅದು ತುಂಬಿ ತುಳುಕುತ್ತಿತ್ತು. ಮೈದಾನದಲ್ಲಿ ಜೀವಮಾನವೆಲ್ಲ ಮೋಸ ಹಿಡಿದ ಮನುಷ್ಯ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನನಗೆ ಮೈಯೆಲ್ಲ ಉರಿಯಿತು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ: "ಮಾವ, ರಿಪೋರ್ಟ್ ಬಂತು. ಶುಭಾಶಯ. ನೀವು ಹೆಂಗಸು."

ನನ್ನ ಗಂಡನಿಗೆ ನೀರು ನೆತ್ತಿಗೆ ಹತ್ತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಮಾವ ಅತ್ತೆಯ ಮುಖ ನೋಡಿದರು.

"ಏನ್ರೀ," ಅತ್ತೆ ಸೌಟು ಕೆಳಗಿಟ್ಟರು. "ಸೊಸೆ ನನ್ನ ಸಕ್ಕರೆ ಕಾಯಿಲೆ ನೋಡ್ತಾಳಂತೆ ಅಂತ ಹೇಳಿ ಇಸ್ಕೊಂಡ್ರಲ್ಲ, ಅದನ್ನೇ ಕೊಟ್ರಾ?"

ಮಾವ ತಟ್ಟೆ ನೋಡುತ್ತ ಕೂತರು. "ಅಣ್ಣ ನರಳಿದ್ದು ನೋಡಿದ್ದೀನಿ. ಗೊತ್ತಾಗದೇ ಇದ್ರೇ ವಾಸಿ ಅನ್ನಿಸ್ತು." ತಟ್ಟೆಯನ್ನು ಸರಿಸಿ, "ಹೆದರಿಕೆ ಕಣಮ್ಮ" ಎಂದರು.

ನನ್ನ ಸಿಟ್ಟು ಜರ್ರನೆ ಇಳಿಯಿತು. ಈ ಮುದುಕನನ್ನು ನಾನು ಎಷ್ಟು ಹಚ್ಚಿಕೊಂಡಿದ್ದೇನೆಂದು ಆಗ ಗೊತ್ತಾಯಿತು.

ಅತ್ತೆ ಎದ್ದು ಬಂದು ಅವರ ಕೊರಳಿನ ಸೀಟಿ ಬಿಚ್ಚಿ ತಾವು ಹಾಕಿಕೊಂಡರು. ಮಾರನೆಯ ಬೆಳಗ್ಗೆ ಹೊಸ ಡಬ್ಬಿ ಕೊಟ್ಟು ಟಾಯ್ಲೆಟ್ ಬಾಗಿಲಿಗೆ ಕಾವಲು ನಿಂತು, ಮಾವ ತಡಮಾಡಿದಾಗಲೆಲ್ಲ ಊದಿದರು. ಪಕ್ಕದ ಮನೆಯವರು ಯಾರಿಗೆ ಏನಾಯಿತೋ ಎಂದು ಇಣುಕಿ ಹೋದರು.

ಈ ಸಲ ಹೆಂಗಸಿನ ಎಳೆಯ ಸುಳಿವೇ ಇರಲಿಲ್ಲ. ಮಾವ ಪ್ರಾಮಾಣಿಕರಾಗಿದ್ದರು. ಕ್ಯಾನ್ಸರಿನ ಎಳೆ ಮಾತ್ರ ಎದ್ದು ಕಾಣುತ್ತಿತ್ತು. ಕನ್ನಡಕ ಈ ಸಲ ನಗಲಿಲ್ಲ.

ಡಾಕ್ಟರು ಬೇರೆ ಪರೀಕ್ಷೆಗಳನ್ನೂ ಮಾಡಿಸಿದರು. ಕ್ಯಾನ್ಸರ್ ಹೌದು, ಆದರೆ ಇನ್ನೂ ಗ್ರಂಥಿ ದಾಟಿರಲಿಲ್ಲ. ಆಪರೇಷನ್ ಮಾಡಿದರೆ ಗುಣವಾಗುತ್ತದೆ ಎಂದರು.

ಆಸ್ಪತ್ರೆಗೆ ಸೇರುವ ದಿನ ಮಾವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಗೆ ಅಂಟಿಕೊಂಡರು. ನಾನು ಕರೆದೆ, ಅವರ ಮಗ ಕರೆದ, ಜಪ್ಪಯ್ಯ ಅಂದರೂ ಏಳಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಉದ್ದಕ್ಕೆ ಸೀಟಿ ಊದಿದರು.

ಮಾವ ತಟ್ಟನೆ ತಲೆಯೆತ್ತಿದರು. "ಅಷ್ಟುದ್ದ ಊದಬೇಡ ಕಣೇ! ಅದು ಆಟ ಮುಗಿದಾಗ ಊದೋದು."

ಅತ್ತೆ ಸೀಟಿಯನ್ನು ಬಾಯಿಂದ ತೆಗೆದು ಅವರನ್ನೇ ನೋಡಿದರು. ಕಣ್ಣು ತುಂಬಿತ್ತು. ಮತ್ತೆ ಬಾಯಿಗಿಟ್ಟು ಚುಟುಕಾಗಿ ಊದಿದರು.

ಮಾವ ಎದ್ದರು.