ಶರತ್ ಸೊರಬದಲ್ಲಿದ್ದಾನೆ

ಹಂದಿಗಳು ನುಗ್ಗಿ ಮೆಕ್ಕೆಜೋಳವನ್ನೆಲ್ಲ ಮುಗಿಸಿದರೂ ಸರಿ, ಬೇಲಿಯ ತಂತಿಗೆ ಮಾತ್ರ ಕರೆಂಟ್ ಬಿಡುವುದಿಲ್ಲವೆಂದು ದೇವರಾಜ ಹೆಂಡತಿ ಕರುಣಾಳ ತಲೆ ಮುಟ್ಟಿ ಮಾತು ಕೊಟ್ಟಿದ್ದ. ಅದು ಮದುವೆಯಾದ ಮರುವರ್ಷದ ಮಾತು. ಅವಳ ತಮ್ಮ ಶರತ್, ಸೊರಬದ ತವರಿನಲ್ಲಿ ಎಮ್ಮೆ ಹುಡುಕಲು ಹೋದವನು, ಯಾರದೋ ಹೊಲದ ಅಂಥ ತಂತಿಗೇ ಸಿಕ್ಕಿ ಸತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ದಿನವೇ ಕೊಟ್ಟ ಮಾತು.

ಹೋದ ವರ್ಷ ಶಿಕಾರಿಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ದೇವರಾಜನ ತಲೆಗೆ ಪೆಟ್ಟಾಯಿತು. ಆಪರೇಷನ್ ಮುಗಿದು ತಾಳಗುಂದದ ಮನೆಗೆ ಬಂದವನು ಮೊದಲಿನಂತೆಯೇ ನಡೆದಾಡಿದ, ಮೋಟಾರು ಬಿಚ್ಚಿ ಜೋಡಿಸಿದ. ನಡುವಿನ ಎಷ್ಟೋ ವರ್ಷಗಳು ಮಾತ್ರ ತಲೆಯೊಳಗೆ ಇರಲಿಲ್ಲ. ಹೊಸದಾಗಿ ಹೇಳಿದ್ದೂ ನಿಲ್ಲುತ್ತಿರಲಿಲ್ಲ.

ಶರತ್ ಯಾಕೆ ಈ ಕಡೆ ತಲೆ ಹಾಕಿಲ್ಲವೆಂದು ದಿನವೂ ಕೇಳುತ್ತಿದ್ದ. ಕರುಣಾ ಹೇಳಿದಾಗಲೆಲ್ಲ ಆಗಷ್ಟೇ ಸುದ್ದಿ ಬಂದವನಂತೆ ಅತ್ತು, ಹೊಲಿಗೆ ಹಾಕಿದ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಕೊನೆಗೆ ಅತ್ತೆ ಉಚ್ಚಂಗಮ್ಮನೇ, ಸೊರಬದಲ್ಲಿ ಚೆನ್ನಾಗಿದ್ದಾನೆ ಅಂದುಬಿಡು, ನಮ್ಮ ಗಂಟೇನು ಹೋಗುತ್ತೆ ಎಂದಳು. ಹೇಳಿ ಹೇಳಿ ಸುಸ್ತಾಗಿದ್ದ ಕರುಣಾ ಹಾಗೇ ಅಂದಳು. ಮನೆ ತಣ್ಣಗಾಯಿತು.

ವಿಚಿತ್ರವೆಂದರೆ, ಏನೂ ನಿಲ್ಲದ ಆ ತಲೆಯಲ್ಲಿ ಇದೊಂದು ನಿಂತಿತು. ದೇವರಾಜ ಪಕ್ಕದ ಹೊಲದ ತೋಟಪ್ಪನಿಗೂ ತಾನಾಗಿಯೇ ಅದನ್ನು ಹೇಳತೊಡಗಿದ. ಕೇಳಿದಾಗಲೆಲ್ಲ ಕರುಣಾಗೆ ಏನೋ ಸರಿಯಿಲ್ಲ ಅನಿಸುತ್ತಿತ್ತು. ಯಾಕೆಂದು ತಿಳಿಯುತ್ತಿರಲಿಲ್ಲ.

ತಿಳಿದದ್ದು ಆವತ್ತು ಬುತ್ತಿ ಹಿಡಿದು ಹೊಲಕ್ಕೆ ಹೋದಾಗ. ಪಂಪ್‌ಸೆಟ್ ಮನೆಯಿಂದ ಹೊರಟ ತಂತಿ ನೆಟ್ಟಗೆ ಬೇಲಿಗೆ ಸೇರಿತ್ತು. ಕರೆಂಟ್ ಇರಲಿಲ್ಲ. ಆದರೆ ಬಂದೊಡನೆ ಪಂಪು ತಾನೇ ಹೊರಡಲೆಂದು ಆ ಕಡೆಯವರೆಲ್ಲ ಸ್ವಿಚ್ಚನ್ನು ಆಟೋದಲ್ಲಿಟ್ಟೇ ಇರುತ್ತಾರೆ.

"ಹಂದಿ ಇನ್ಮೇಲೆ ಬರ್ಲಿ ನೋಡಾಣ," ಎಂದ ದೇವರಾಜ, ಕೈ ಒರೆಸಿಕೊಳ್ಳುತ್ತ.

"ತೆಗೀರಿ ಅದನ್ನ. ಮಾತು ಕೊಟ್ಟಿದ್ರಿ ನೀವು."

"ಯಾವ ಮಾತು?"

"ಶರತ್ ಸತ್ತಿದ್ದು ಇಂಥ ತಂತಿಗೇ ಕಣ್ರೀ."

ಅವನು ಅವಳನ್ನೇ ಕನಿಕರದಿಂದ ನೋಡಿದ. "ತಲೆಗೆ ಪೆಟ್ಟು ಬಿದ್ದಿದ್ದು ನಂಗೋ ನಿಂಗೋ? ಶರತ್ ಸೊರಬ್ದಾಗೆ ಅದಾನಲ್ಲೇ. ಬದುಕಿರೋನ್ನ ಸತ್ತ ಅನ್ಬಾರ್ದು."

ಅತ್ತೆ ಎಲ್ಲಿ ಎಂದು ಕೇಳಿದಳು. ಅವ್ವ ಮನೆಯಲ್ಲಿರಬೇಕು ಎಂದ. ಉಚ್ಚಂಗಮ್ಮ ಕುಡುಗೋಲು ಹಿಡಿದು ಅವನೆದುರಿಗೇ ಬೇಲಿಯ ಆಚೆ ಹುಲ್ಲಿಗೆ ಹೋಗಿದ್ದಳು; ಅದೂ ಅವನ ತಲೆಯಲ್ಲಿ ನಿಂತಿರಲಿಲ್ಲ. ಅವಳು ಹೊರೆ ಹೊತ್ತು, ತಂತಿ ಒತ್ತಿ ಹಿಡಿದು ದಾಟಿ ಬರುತ್ತಿದ್ದದ್ದು ಕರುಣಾಗೆ ಕಂಡಿತು.

"ಅತ್ತೇ, ಮುಟ್ಟಬ್ಯಾಡ್ರಿ," ಎನ್ನುತ್ತಲೇ ಕರುಣಾ ಸ್ವಿಚ್ಚಿನ ಕಡೆ ಓಡಿದಳು. ಪಂಪ್‌ಸೆಟ್ ಮನೆಯ ಬಾಗಿಲು ಮುಟ್ಟುವ ಮೊದಲೇ ಒಳಗೆ ಮೋಟಾರು ಗುಂಯ್‌ಗುಟ್ಟಿತು. ಪೈಪಿನಿಂದ ನೀರು ಬಿತ್ತು. ಬೇಲಿಯ ಹತ್ತಿರ ಹುಲ್ಲಿನ ಹೊರೆ ನೆಲಕ್ಕೆ ಬಿದ್ದ ಸದ್ದಾಯಿತು, ಬೇರೇನೂ ಕೇಳಲಿಲ್ಲ.

ದೇವರಾಜ ಕೊಟ್ಟ ಮಾತು ಮುರಿದಿತ್ತು.