ಹಾಲಿನ ಸೈಂಟಿಸ್ಟು

"ಆ ದಾರಿ ಬೇಡ. ಮೋಟರ್‌ವೇನಲ್ಲೇ ಹೋಗ್ಲಿ," ಎಂದು ಅನಸೂಯಾ ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಹಣೆಗೆ ಗಂಧ ಹಚ್ಚುತ್ತಲೇ ಹೇಳಿದಳು.

"ಅಮ್ಮಾ, ಇಟ್ಸ್ ಓನ್ಲಿ ಟೂ ಮಿನಿಟ್ಸ್. ಎವ್ರಿವನ್ ಡಸ್ ಇಟ್ ಹಿಯರ್," ಎಂದಳು ಮಗಳು ತನ್ವಿ.

ಐರ್ಲೆಂಡಿನ ಗಾಲ್ವೆ ಸೀಮೆಯ ಹಳ್ಳಿಗಳ ರೂಢಿ ಅದು. ಕ್ರಿಮಟೋರಿಯಂಗೆ ಹೊರಟ ಶವದ ಗಾಡಿ, ಸತ್ತವನು ದುಡಿದ ಜಾಗದ ಮುಂದೆ ಎರಡು ನಿಮಿಷ ನಿಲ್ಲುತ್ತದೆ. ಜಯರಾಮ ಮೂವತ್ತೊಂದು ವರ್ಷ ದುಡಿದದ್ದು ಒಂದು ಸಂಶೋಧನಾ ಫಾರ್ಮಿನಲ್ಲಿ. ಯಾವ ಹುಲ್ಲು ಮೇಯ್ದರೆ ಹೋರಿ ಕರು ಎಷ್ಟು ಮೈ ತುಂಬಿಕೊಳ್ಳುತ್ತದೆ ಎಂದು ಅಳೆಯುವುದೇ ಅವನ ಕೆಲಸ. ಆ ಕರುಗಳನ್ನು ಸಾಕುವುದು ಮಾಂಸಕ್ಕೆ. ಗೇಟಿನ ಮೇಲೆ ಬೀಫ್ ಎಂದು ಮೊಳದುದ್ದ ಅಕ್ಷರದಲ್ಲಿ ಬರೆದಿದೆ. ಹಿಂದಿನ ಕಾರುಗಳಲ್ಲಿ ಬರಲಿದ್ದ ಕನ್ನಡದವರಿಗೆಲ್ಲ ಅನಸೂಯಾ ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಮಾತ್ರ, "ನಮ್ಮ ಯಜಮಾನ್ರು ಹಾಲಿನ ಸೈಂಟಿಸ್ಟು," ಎಂದೇ.

ಎಲ್ಲರೂ ನಂಬಿದ್ದರು. ಡ್ರೋಹೆಡಾದಿಂದ ಬಂದಿದ್ದ ಕಮಲಾ ಕಣ್ಣೊರೆಸಿಕೊಳ್ಳುತ್ತ, "ನಮ್ಮನೇಲಿ ಮೊಸರು ಯಾಕೆ ಗಟ್ಟಿಯಾಗಲ್ಲ ಅಂತ ಪ್ರತಿ ಯುಗಾದಿಗೂ ಇವ್ರನ್ನೇ ಕೇಳ್ತಿದ್ದೆ ಅನಸೂಯಾ. ಎಷ್ಟು ತಾಳ್ಮೆಯಿಂದ ಹೇಳೋರು!" ಎಂದರು. ಪಾಪ, ಜಯರಾಮನಿಗೆ ಹೆಪ್ಪು ಹಾಕುವುದೇ ಗೊತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಹೆಂಡತಿಯ ಹತ್ತಿರ ಪಾಠ ಹೇಳಿಸಿಕೊಂಡು ಹೋಗುತ್ತಿದ್ದ.

*

ಸುಳ್ಳು ಹುಟ್ಟಿದ್ದು ಫೋನಿನಲ್ಲಿ. ಅತ್ತೆ ಪಾರ್ವತಮ್ಮ ತುಮಕೂರಿನಿಂದ, "ನನ್ನ ಮಗ ಅಲ್ಲಿ ಏನು ಕೆಲ್ಸ ಮಾಡ್ತಾನಮ್ಮಾ?" ಎಂದು ಕೇಳಿದಾಗ ಹೊಸ ಸೊಸೆಯ ಬಾಯಿಗೆ ಬಂದದ್ದು ಹಾಲು. ಒಮ್ಮೆ ಹೇಳಿದ ಮೇಲೆ ಮುಗಿಯಿತು, ಬಂದವರಿಗೆಲ್ಲ ಅದನ್ನೇ ಹೇಳಬೇಕಾಯಿತು.

"ಹುಲ್ಲು ಅಂದಿದ್ರೆ ಸಾಕಿತ್ತಲ್ಲೇ, ನಿಜಾನೂ ಆಗ್ತಿತ್ತು," ಎಂದು ಜಯರಾಮ ನಕ್ಕಿದ್ದ. ಅವನು ಕೊನೆಯವರೆಗೂ ಮಾಂಸ ಮುಟ್ಟಿದವನಲ್ಲ. ಒಂದು ಜೂನ್ ತಿಂಗಳಲ್ಲಿ ಆಸೆಯಿಂದ ಕರೆದ: "ಹೊಲದ ತುಂಬ ಕ್ಲೋವರ್ ಹೂ ಬಿಟ್ಟಿದೆ. ಒಂದ್ಸಲ ಬಂದು ನೋಡು."

"ಕೊಲ್ಲೋಕೆ ಅಂತ ಸಾಕಿರೋದನ್ನ ನಾನ್ಯಾಕೆ ನೋಡ್ಲಿ?"

ಜಯರಾಮ ಬೂಟಿನ ಮಣ್ಣು ಕೆರೆದ. "ಇವ್ರು ತಿನ್ನೋದನ್ನ ನಾನು ತಪ್ಪಿಸೋಕಾಗಲ್ಲ. ಇರೋವಷ್ಟು ದಿನ ಅವು ಹೊಟ್ಟೆ ತುಂಬ ಒಳ್ಳೆ ಹುಲ್ಲು ತಿನ್ಲಿ. ನನ್ ಕೈಲಾಗೋದು ಅಷ್ಟೇ ಕಣೇ."

ಅವನು ಮತ್ತೆ ಕರೆಯಲಿಲ್ಲ, ಅವಳೂ ಹೋಗಲಿಲ್ಲ.

*

ಮುಚ್ಚಳ ಹಾಕುವ ಹೊತ್ತಿಗೆ ಡೋನಲ್ ಬಂದ. ಫಾರ್ಮಿನ ದನ ನೋಡಿಕೊಳ್ಳುವ ಮುದುಕ. ಅನಸೂಯಳ ಕೈ ಹಿಡಿದುಕೊಂಡು, ಕಮಲಾರ ಕಡೆ ಒಮ್ಮೆ ನೋಡಿ, "ಹಾಲಿನ ಕೆಲಸದಲ್ಲಿ... ಇವರಂಥವರು ಇನ್ನೊಬ್ಬರಿರಲಿಲ್ಲ," ಎಂದು ಇಂಗ್ಲಿಷಿನಲ್ಲಿ ತೊದಲಿದ. ಹಾಗೆ ಹೇಳಬೇಕೆಂದು ತನ್ವಿಯ ಕೈಲಿ ಹೇಳಿಸಿದವಳು ಅನಸೂಯಳೇ. ಮುದುಕನ ಮುಖ ಕೆಂಪಗಾಗಿತ್ತು. ಟೋಪಿಯನ್ನು ಹಿಂಡುತ್ತ ನೆಲ ನೋಡಿದ.

ಅನಸೂಯಾ ಶವಪೆಟ್ಟಿಗೆಯ ಕಡೆ ತಿರುಗಿದಳು. ಜೊತೆಗೆ ದುಡಿದವನ ಬಾಯಲ್ಲೂ ತನ್ನ ಸುಳ್ಳೇ! ಹೀಗೇ ಬಿಟ್ಟರೆ ಬೆಂಕಿಗೆ ಹೋಗುವುದು ಯಾರೋ ಹಾಲಿನವನು, ತನ್ನ ಗಂಡನಲ್ಲ. ನಾಚಿಕೆಗಿಂತ ಆ ಸಂಕಟವೇ ದೊಡ್ಡದಾಯಿತು.

"ಕಮಲಕ್ಕ, ಇವ್ರು ಹಾಲಿನ ಸೈಂಟಿಸ್ಟ್ ಅಲ್ಲ. ಬೀಫ್ ದನಗಳಿಗೆ ಹುಲ್ಲು ಬೆಳೀತಿದ್ರು. ಜನ ಏನಂತಾರೋ ಅಂತ ನಾನೇ ಸುಳ್ಳು ಹೇಳ್ದೆ."

ಕಮಲಾರ ಕೈಯಲ್ಲಿದ್ದ ಸೆರಗು ಅಲ್ಲೇ ನಿಂತಿತು. "ಶಿವ ಶಿವಾ," ಎಂದಷ್ಟೇ ಅಂದು, ಗಂಡ ಸತ್ಯನಾರಾಯಣರ ಪಕ್ಕಕ್ಕೆ ಹೋಗಿ ನಿಂತರು.

ಅನಸೂಯಾ ಮಗಳ ಕಡೆ ತಿರುಗಿದಳು. "ಫಾರ್ಮ್ ರೋಡಲ್ಲೇ ಹೋಗೋಕೆ ಹೇಳು."

"ಗ್ರ್ಯಾಂಡ್, ಅಮ್ಮಾ," ಎಂದು ಅಲ್ಲಿಯವರ ಮಾತಿನಲ್ಲೇ ಒಪ್ಪಿಕೊಳ್ಳುವಷ್ಟರಲ್ಲಿ ತನ್ವಿಗೆ ಅಳು ಬಂತು.

ಗೇಟಿನ ಮುಂದೆ ಗಾಡಿ ನಿಂತಿತು. ಕೆಲಸದವರು ಟೋಪಿ ತೆಗೆದು ಸಾಲಾಗಿ ನಿಂತಿದ್ದರು. ಸತ್ಯನಾರಾಯಣ ಕಾರಿನಿಂದ ಇಳಿದು ಕೈಮುಗಿದರು. ಕಮಲಾ ಇಳಿಯಲಿಲ್ಲ. ಅನಸೂಯಾ ಯಾರನ್ನೂ ನೋಡದೆ ಗೇಟು ದಾಟಿ, ಡೋನಲ್‌ನ ಹಿಂದೆ ಬೇಲಿಯವರೆಗೂ ನಡೆದಳು. ಇಳಿಜಾರಿನ ಕೆಳಗೆ ನಲವತ್ತು ಹೋರಿಗಳು ಬೆನ್ನು ತಿರುಗಿಸಿ ಮೇಯುತ್ತಿದ್ದವು.

"ರಿಟೈರ್ ಆದ ಮೇಲೂ ದಿನಾ ಬರುತ್ತಿದ್ದರು," ಎಂದ ಡೋನಲ್. "ಇಲ್ಲೇ ನಿಂತು ಕರೆಯುತ್ತಿದ್ದರು, ನಿಮ್ಮ ಭಾಷೆಯಲ್ಲಿ." ತಾನೂ ಕರೆದು ತೋರಿಸಿದ: "ಬಾರೋ... ಬಾರೋ..." ಒಂದೆರಡು ಕಿವಿಗಳು ಅಲುಗಿದವು, ಅಷ್ಟೇ. "ನನ್ನ ಮಾತು ಕೇಳುವುದಿಲ್ಲ ಅವು," ಎಂದು ಪಕ್ಕಕ್ಕೆ ಸರಿದ.

ಅನಸೂಯಾ ಬೇಲಿ ಹಿಡಿದುಕೊಂಡಳು. ತುಮಕೂರಿನ ಕಡೆ ದನ ಕರೆಯುವ ರಾಗದಲ್ಲೇ ಕೂಗಿದಳು.

"ಬಾರೋ... ಬಾರೋ ನಮ್ಮಪ್ಪಾ!"

ನಲವತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ಬಾಯಲ್ಲಿ ಅರ್ಧ ಅಗಿದ ಹುಲ್ಲು ಹಾಗೇ ಇರುವಂತೆ, ಮೊದಲು ಒಂದು, ಆಮೇಲೆ ಎಲ್ಲವೂ, ಭಾರವಾದ ಮೈ ತೂಗಾಡಿಸುತ್ತ ಇಳಿಜಾರು ಹತ್ತಿ ಅವಳ ಕಡೆಗೆ ಓಡಿಬಂದವು.