ಗೋಡೆ ಗಡಿಯಾರಕ್ಕೆ ಎರಡು ಲೋಲಕ

ನಿಂತ ಗಡಿಯಾರ ರಿಪೇರಿ ಮಾಡಿಸುವವರೇ ಈಗ ಕಡಿಮೆ. ಆಗ ನಮ್ಮಕ್ಕನ ಅಂಗಡಿ ಮುಂದೆ ಬೆಳಗ್ಗೆಯೇ ಜನ ನಿಲ್ಲುತ್ತಿದ್ದರು. ಒಂದು ಬೆಂಚು, ಒಂದು ದೀಪ, ಗೋಡೆ ತುಂಬ ಗಡಿಯಾರ. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. "ನಿನ್ನ ನಂಬಿದ್ರೆ ಊಟದ ಹೊತ್ತೂ ತಪ್ಪುತ್ತೆ ಕಣೇ" ಅಂತ ಭಾವ ರೇಗಿಸುತ್ತಿದ್ದರು.

ಒಂದು ದಿನ ಅಕ್ಕ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದಳು. ಮತ್ತೊಂದು ದಿನ ಮೆಟ್ಟಿಲು ತಪ್ಪಿದಳು. ಎಡಗಣ್ಣಿನ ಹಿಂದೆ ನೋವು ಅಂದಳು.

"ವಯಸ್ಸಾಯ್ತು, ಕನ್ನಡಕ ಬದಲಾಯಿಸು," ಅಂದರು ಭಾವ.

"ಕಣ್ಣಿಗೇನಾಗಿದೆ ರೀ? ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸ್ತೀನಿ, ಕೈ ತಪ್ಪಲ್ಲ. ಕಣ್ಣು ಕೆಟ್ಟಿದ್ರೆ ಆಗ್ತಿತ್ತಾ?"

ನಾವೂ ನಂಬಿದೆವು. ಎರಡು ತಿಂಗಳು ಹಾಗೇ ಹೋಯಿತು.

ಎದುರು ಸಾಲಿನ ಮನೆಯ ನರ್ಸಮ್ಮ ತನ್ನ ಗಡಿಯಾರ ಕೊಡಲು ಬಂದವಳು ಅಕ್ಕನ ಮುಖವನ್ನೇ ನೋಡುತ್ತ ನಿಂತಳು. ಭಾವ ಊಟ ತಂದಿದ್ದರು.

"ಕೆಲಸ ಮಾಡುವಾಗ ಎಡಗಣ್ಣು ಮುಚ್ಚಿರ್ತೀರಲ್ಲ ಅಕ್ಕಾ?"

"ಇಪ್ಪತ್ತೈದು ವರ್ಷದಿಂದ. ಬಲಗಣ್ಣಿಗೆ ಭೂತಗನ್ನಡಿ, ಎಡಗಣ್ಣಿಗೆ ರಜೆ."

"ಈಗ ಎರಡೂ ತೆರೆದು ಆ ದೊಡ್ಡ ಗೋಡೆ ಗಡಿಯಾರ ಒಂದನ್ನೇ ನೋಡಿ. ತೂಗೋ ಲೋಲಕ ಎಷ್ಟು?"

ಅಕ್ಕ ಕತ್ತೆತ್ತಿ ನೋಡಿದಳು. "ಎರಡು."

"ಎಡಗಣ್ಣು ಮುಚ್ಚಿ."

"ಒಂದು."

"ಈಗ ಬಲಗಣ್ಣು."

"ಆಗಲೂ ಒಂದೇ! ಇದೇನಮ್ಮ ಮಾಯ?"

ನರ್ಸಮ್ಮ ಬೆರಳನ್ನು ಎಡಕ್ಕೆ ಸರಿಸಿದಳು. ಅಕ್ಕನ ಎಡಗಣ್ಣು ಅರ್ಧದಲ್ಲೇ ನಿಂತಿತು. "ಎರಡು ಕಣ್ಣೂ ಜೊತೆಯಾಗಿ ತಿರುಗ್ತಿಲ್ಲ. ಒಂದೇ ಕಣ್ಣಲ್ಲಿ ಕೆಲಸ ಮಾಡೋದ್ರಿಂದ ನಿಮಗೆ ಗೊತ್ತಾಗಿಲ್ಲ. ಹಿಂದೆ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾ?"

"ಇಲ್ಲ," ಅಂದಳು ಅಕ್ಕ, ಥಟ್ಟನೆ.

ಮನೆಯಲ್ಲಿ ಆ ಹಳೇ ಕಾಯಿಲೆಯ ಹೆಸರೆತ್ತುವಂತೆಯೇ ಇರಲಿಲ್ಲ. ಕೊನೆಗೆ ಭಾವನೇ ಬಾಯಿಬಿಟ್ಟರು. "ಎಂಟು ವರ್ಷದ ಹಿಂದೆ ಎದೆಯ ಗಡ್ಡೆ ತೆಗೆಸಿದ್ವಿ. ಕ್ಯಾನ್ಸರ್. ವಾಸಿಯಾಯ್ತಲ್ಲ! ಎದೆಗೂ ಕಣ್ಣಿಗೂ ಎಲ್ಲಿಯ ಸಂಬಂಧ?"

"ಇದೆ ಅಣ್ಣ. ಅಪರೂಪಕ್ಕೆ ಆ ಕ್ಯಾನ್ಸರ್ ರಕ್ತದ ಜೊತೆ ಹೋಗಿ ಕಣ್ಣು ತಿರುಗಿಸೋ ಸ್ನಾಯುವಲ್ಲಿ ಕೂತ್ಕೊಳ್ಳುತ್ತೆ, ಎಷ್ಟೋ ವರ್ಷ ಆದ್ಮೇಲೂ. ಬೇರೆ ಕಾರಣಾನೂ ಇರಬಹುದು. ಪರೀಕ್ಷೆ ಮಾಡದೆ ಗೊತ್ತಾಗಲ್ಲ. ಕಣ್ಣಿನ ಡಾಕ್ಟರ ಹತ್ರ ಮೊದಲು ಹಳೇ ಕಾಯಿಲೆ ಹೇಳಿ. ಇವತ್ತೇ ಹೊರಡಿ."

"ಆ ಆಸ್ಪತ್ರೆ ಮೆಟ್ಟಿಲು ಇನ್ನೊಮ್ಮೆ ಹತ್ತಲಾರೆ ಕಣಮ್ಮ." ಅಕ್ಕ ಮತ್ತೆ ಭೂತಗನ್ನಡಿ ಕೈಗೆತ್ತಿಕೊಂಡಳು.

"ಯಾರಾದ್ರೂ ನೀರಿಗೆ ಬಿದ್ದ ಗಡಿಯಾರ ತಂದು, ಬಿದ್ದಿದ್ದನ್ನೇ ಮುಚ್ಚಿಟ್ರೆ ನೀವೇನ್ಮಾಡ್ತೀರಿ?"

"ಚೆನ್ನಾಗಿ ಬೈತೀನಿ."

"ಡಾಕ್ಟರ ಕೈಲಿ ಬೈಸ್ಕೋಬೇಡಿ ಮತ್ತೆ. ಆಸ್ಪತ್ರೆಯ ಹಳೇ ಚೀಟಿ ಎಲ್ಲಿವೆ?"

ಅಕ್ಕ ಕೆಳಗಿನ ಡ್ರಾಯರ್ ಎಳೆದಳು. ಕೈಗಡಿಯಾರದ ತುಂಡು ಪಟ್ಟಿಗಳ ಅಡಿಯಲ್ಲಿ ಎಲ್ಲ ಚೀಟಿಯನ್ನೂ ಮಡಚಿಟ್ಟಿದ್ದಳು. ಭಾವ ಅಂಗಡಿ ಬಾಗಿಲೆಳೆದರು.

ಸ್ಕ್ಯಾನ್‌ನಲ್ಲಿ ಆ ಸ್ನಾಯು ಊದಿತ್ತು. ಚೂರು ತೆಗೆದು ನೋಡಿದಾಗ ಅದೇ ಹಳೇ ಕಾಯಿಲೆ. ಕಿರಣ ಚಿಕಿತ್ಸೆ, ಔಷಧಿ ಶುರುವಾಯಿತು. ಬೇರು ಸಮೇತ ಹೋಯಿತು ಅಂದರೆ ಸುಳ್ಳಾಗುತ್ತದೆ. ಆದರೆ ನೋವು ಇಳಿಯಿತು, ಲೋಲಕ ಮತ್ತೆ ಒಂದಾಯಿತು. ಇನ್ನೂ ನಾಲ್ಕು ವರ್ಷ ಅಕ್ಕ ಆ ಬೆಂಚಿನ ಮೇಲೆ ಕೂತಳು. ನನ್ನ ಮಗಳಿಗೆ ಗಂಟೆ ನೋಡೋದು ಕಲಿಸಿದ್ದು ಅವಳೇ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಒಂದು ವಸ್ತು ಎರಡಾಗಿ ಕಂಡರೆ, ಕಣ್ಣು ತಿರುಗಿಸಲು ನೋವಾದರೆ, ಕಣ್ಣು ಮುಂದೆ ಬಂದಂತೆ ಅಥವಾ ರೆಪ್ಪೆ ಜೋತಂತೆ ಕಂಡರೆ, ತಡಮಾಡದೆ ತೋರಿಸಿ. ಎಂದೋ ಕ್ಯಾನ್ಸರ್ ಆಗಿದ್ದರೆ ಅದನ್ನೇ ಮೊದಲು ಹೇಳಿ. ಹಳೇ ಚೀಟಿಗಳನ್ನು ಜೊತೆಗೇ ಒಯ್ಯಿರಿ. ನಾವು ಸುಮ್ಮನಿದ್ದು ಕಳೆದ ಆ ಎರಡು ತಿಂಗಳನ್ನು ನೀವು ಕಳೆಯಬೇಡಿ.

ಅಕ್ಕನ ಆ ಗಡಿಯಾರ ಈಗ ನಮ್ಮ ಗೋಡೆಯ ಮೇಲಿದೆ. ನಿಮ್ಮ ಗೋಡೆಯ ಮೇಲೂ ಒಂದಿರಬಹುದು. ಎರಡೂ ಕಣ್ಣು ತೆರೆದು ಒಮ್ಮೆ ನೋಡಿ.